ಕಂಪನಿ ಮಾತು ಕೇಳದಿದ್ದರೆ: ಗ್ರಾಹಕರ ಆಯೋಗದ ಬಗ್ಗೆ ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾ, ಡೊಂಬಿವಲಿ, ಮೀರಾ ರೋಡ್ ಕಡೆಯ ಪರಿಚಿತರು ಫೋನಿನಲ್ಲಿ, ಪತ್ರದಲ್ಲಿ, ಸಂಘದ ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವಕೀಲನಲ್ಲ, ದೂರು ಬರೆಯಲು ನೆರವಾಗುವವನು. ನಮ್ಮವರಲ್ಲಿ ಎಷ್ಟೋ ಮಂದಿ "ಪರವೂರಲ್ಲಿ ಯಾಕೆ ತಕರಾರು, ಹೋಗ್ಲಿ ಬಿಡಿ" ಎಂದು ನ್ಯಾಯವಾಗಿ ಬರಬೇಕಾದ ಹಣ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ಕೈಯಲ್ಲಿ ಕಾಗದ ಇದ್ದರೆ, ದಿನ ಮೀರದಿದ್ದರೆ, ಸಾಮಾನ್ಯ ಮನುಷ್ಯನೂ ಇಲ್ಲಿ ಗೆಲ್ಲಬಹುದು.

## ಶುರುವಿನ ಪ್ರಶ್ನೆಗಳು

ಸ್ಮಾಲ್ ಕ್ಲೇಮ್ಸ್ ಕೋರ್ಟ್ ಅಂತಾರಲ್ಲ, ಅದು ಮುಂಬಯಿಯಲ್ಲಿ ಎಲ್ಲಿದೆ?

ಆ ಹೆಸರಿನ ಕೋರ್ಟು ವಿದೇಶದಲ್ಲಿದೆ, ನಮ್ಮಲ್ಲಿಲ್ಲ. ಧೋಬಿ ತಲಾವ್ ಹತ್ತಿರ ಸ್ಮಾಲ್ ಕಾಸಸ್ ಕೋರ್ಟ್ ಇದೆ ನಿಜ. ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಮನೆ ಮಾಲೀಕ ಮತ್ತು ಬಾಡಿಗೆದಾರರ ವ್ಯಾಜ್ಯ. ಫ್ರಿಜ್ ಕಂಪನಿ, ವಿಮಾ ಕಂಪನಿ, ಬಸ್ಸಿನವರು, ಬಿಲ್ಡರ್ ಇವರ ಮೇಲೆ ದೂರು ಇದ್ದರೆ ಹೋಗಬೇಕಾದ ಜಾಗ ಜಿಲ್ಲಾ ಗ್ರಾಹಕರ ಆಯೋಗ. ಜನ ಈಗಲೂ ಕನ್ಸ್ಯೂಮರ್ ಕೋರ್ಟ್, ಗ್ರಾಹಕ ಮಂಚ್ ಎಂದೇ ಕರೆಯುತ್ತಾರೆ. ಮೊದಲು 1986ರ ಕಾನೂನು ಇತ್ತು. ಈಗ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈ 20ರಂದು. ಹಳೆಯ ಪುಸ್ತಕ ನೋಡಿ ಸಲಹೆ ಕೊಡುವವರು ಇನ್ನೂ ಇದ್ದಾರೆ. ಯಾವ ಕಾನೂನಿನ ಮಾತು ಎಂದು ಒಮ್ಮೆ ಕೇಳಿಕೊಳ್ಳಿ.

ಕಚೇರಿಗಳು ಪರೇಲ್‌ನಲ್ಲಿ ಮತ್ತು ಬಾಂದ್ರಾ ಪೂರ್ವದಲ್ಲಿವೆ. ಠಾಣೆ ಜಿಲ್ಲೆಯವರಿಗೆ ಠಾಣೆಯಲ್ಲಿ, ನವಿ ಮುಂಬಯಿಯವರಿಗೆ ಬೇಲಾಪುರದ ಕೊಂಕಣ ಭವನದಲ್ಲಿ, ಪುಣೆಯವರಿಗೆ ಪುಣೆಯಲ್ಲೇ ಇದೆ. ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೆ ಎಂದು ಹೋಗುವ ಮುಂಚೆ ವಿಚಾರಿಸಿ.

ನಂದು ಊಟದ ಹೋಟೆಲು. ಹೋಟೆಲಿಗೆ ತಂದ ಗ್ರೈಂಡರ್ ಕೆಟ್ಟರೆ ನಾನೂ ಗ್ರಾಹಕನಾ?

ವ್ಯಾಪಾರಕ್ಕಾಗಿ ಕೊಂಡವರು ಈ ಕಾನೂನಿನಲ್ಲಿ ಗ್ರಾಹಕರಲ್ಲ. ಆದರೆ ಒಂದು ವಿನಾಯಿತಿ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸುವುದಕ್ಕೆ ಮಾತ್ರ ಕೊಂಡಿದ್ದರೆ ಗ್ರಾಹಕರೇ. ಗಂಡ ಹೆಂಡತಿ ಸೇರಿ ನಡೆಸುವ ಇಡ್ಲಿ ಗಾಡಿಗೆ ತಂದ ವೆಟ್ ಗ್ರೈಂಡರ್ ಕೆಟ್ಟರೆ ದೂರು ಕೊಡಬಹುದು. ಹತ್ತಾರು ಕೆಲಸಗಾರರಿರುವ, ಎರಡು ಮೂರು ಶಾಖೆಯ ಹೋಟೆಲಿಗೆ ಇದು ಕಷ್ಟ. ಅವರು ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಹೊಟ್ಟೆಪಾಡಿನ ವಿಷಯವಾದರೆ ಅದನ್ನು ದೂರಿನ ಮೊದಲ ಪುಟದಲ್ಲೇ ಬರೆಯಿರಿ. ಇಲ್ಲದಿದ್ದರೆ ಕಂಪನಿಯ ವಕೀಲರು ಮೊದಲು ಹಿಡಿಯುವುದೇ ಆ ಅಂಶವನ್ನು.

ಮಗ ಕೊಡಿಸಿದ ಫೋನು. ಬಿಲ್ಲು ಅವನ ಹೆಸರಲ್ಲಿದೆ. ನಾನು ದೂರು ಕೊಡಬಹುದಾ?

ಕೊಡಬಹುದು. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಕೊಂಡವರು ತೀರಿಕೊಂಡಿದ್ದರೆ ವಾರಸುದಾರರು ದೂರು ಕೊಡಬಹುದು.

ಅಂಗಡಿಯವರು ಬಿಲ್ಲೇ ಕೊಡಲಿಲ್ಲ. ಈಗ ಏನೂ ಮಾಡೋಕೆ ಆಗಲ್ವಾ?

ಬಿಲ್ಲು ಕೊಡದಿರುವುದೇ ಈ ಕಾನೂನಿನ ಪ್ರಕಾರ ತಪ್ಪು ವ್ಯಾಪಾರ ಪದ್ಧತಿ. ಯುಪಿಐ ಪಾವತಿಯ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್, ಅಂಗಡಿಯವರ ಜೊತೆಗಿನ ವಾಟ್ಸ್ಯಾಪ್ ಮಾತುಕತೆ, ಡಬ್ಬದ ಮೇಲಿನ ಸೀರಿಯಲ್ ನಂಬರು, ವಾರಂಟಿ ಕಾರ್ಡಿನ ಸೀಲು ಎಲ್ಲವೂ ಸಾಕ್ಷ್ಯಕ್ಕೆ ಬರುತ್ತವೆ. "ಮಾರಿದ ಮಾಲು ವಾಪಸು ಇಲ್ಲ" ಎಂಬ ಬೋರ್ಡಿಗೂ ಹೆದರಬೇಡಿ. ಮಾಲಿನಲ್ಲಿ ದೋಷವಿದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ತಪ್ಪು ವ್ಯಾಪಾರ ಪದ್ಧತಿಯೇ. ಮನೆಗೆ ಬಂದ ಮೇಲೆ ಬಣ್ಣ ಹಿಡಿಸಲಿಲ್ಲ ಎಂಬುದಕ್ಕೆ ಮಾತ್ರ ಇದು ನಡೆಯುವುದಿಲ್ಲ.

## ದೂರು ಸಿದ್ಧಮಾಡುವುದು

ನೇರವಾಗಿ ಆಯೋಗಕ್ಕೆ ಹೋಗಬಹುದಾ, ಮೊದಲು ಕಂಪನಿಗೆ ಬರೀಬೇಕಾ?

ನೋಟಿಸ್ ಕೊಡಲೇಬೇಕು ಎಂಬ ಕಡ್ಡಾಯ ಕಾನೂನಿನಲ್ಲಿಲ್ಲ. ಆದರೂ ಕೊಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಎಷ್ಟೋ ತಕರಾರು ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೂ "ಇವರು ನಮಗೆ ತಿಳಿಸಲೇ ಇಲ್ಲ" ಎನ್ನುವ ದಾರಿ ಕಂಪನಿಗೆ ಇರುವುದಿಲ್ಲ.

ನಮ್ಮವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಾಡಿ ಸುಸ್ತಾಗುತ್ತಾರೆ, ಕೈಯಲ್ಲಿ ಒಂದು ಕಾಗದವೂ ಉಳಿಯುವುದಿಲ್ಲ. ಫೋನ್ ಮಾಡಿದರೆ ದೂರು ಸಂಖ್ಯೆ, ದಿನಾಂಕ, ಮಾತಾಡಿದವರ ಹೆಸರು ಬರೆದಿಡಿ. ಅದೇ ದಿನ ಇಮೇಲಿನಲ್ಲಿ ಆ ಮಾತನ್ನೇ ಬರೆದು ಕಳಿಸಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಅದೂ ಆಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಒಂದು, ನೀವು ಕೊಂಡ ಅಂಗಡಿಗೆ ಒಂದು. ಏನು ಕೊಂಡಿರಿ, ಏನು ಕೆಟ್ಟಿತು, ನಿಮಗೆ ಏನು ಬೇಕು, ಎಷ್ಟು ದಿನದೊಳಗೆ ಬೇಕು, ಇಷ್ಟೇ ಸಾಕು. 15 ದಿನ ಕೊಡುವುದು ರೂಢಿ. ಬೈಗುಳ, ಬೆದರಿಕೆ ಬೇಡ. ಈ ಕಾಗದವನ್ನು ಮುಂದೆ ಆಯೋಗದ ಸದಸ್ಯರೂ ಓದುತ್ತಾರೆ.

1915ಕ್ಕೆ ಫೋನ್ ಮಾಡಿದ್ರೆ ಸಾಕಾ?

ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ. ದೊಡ್ಡ ಕಂಪನಿಗಳು ಇದಕ್ಕೆ ಬೇಗ ಸ್ಪಂದಿಸುವುದುಂಟು. ಆದರೆ ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ. ಅಲ್ಲಿ ದೂರು ಕೊಟ್ಟರೆ ಆಯೋಗಕ್ಕೆ ಹೋಗುವ ಗಡುವು ನಿಲ್ಲುವುದೂ ಇಲ್ಲ.

ಎಷ್ಟು ದಿನದೊಳಗೆ ಕೇಸು ಹಾಕಬೇಕು?

ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಗಡುವು ಮೀರಿದ್ದರೆ ಸರಿಯಾದ ಕಾರಣ ತೋರಿಸಿ ವಿಳಂಬ ಮನ್ನಿಸಿ ಎಂದು ಪ್ರತ್ಯೇಕ ಅರ್ಜಿ ಕೊಡಬೇಕು. ಆಯೋಗ ಒಪ್ಪಲೂಬಹುದು, ಒಪ್ಪದೆಯೂ ಇರಬಹುದು. "ನೋಡ್ತೀವಿ, ಮಾಡ್ತೀವಿ" ಎಂದು ಕಂಪನಿ ಕಳಿಸುವ ಇಮೇಲುಗಳನ್ನು ನಂಬಿ ಎರಡು ವರ್ಷ ದಾಟಿಸಬೇಡಿ. ಎಷ್ಟೋ ಜನ ಸೋಲುವುದು ಸತ್ಯ ಅವರ ಕಡೆ ಇಲ್ಲದ್ದಕ್ಕಲ್ಲ, ದಿನ ಕಳೆದದ್ದಕ್ಕೆ.

ನಾನಿರೋದು ಡೊಂಬಿವಲಿ, ಕಂಪನಿ ಇರೋದು ಬೆಂಗಳೂರು. ಅಲ್ಲಿಗೆ ಓಡಾಡಬೇಕಾ?

ಬೇಡ. 2019ರ ಕಾಯ್ದೆ ತಂದ ದೊಡ್ಡ ಉಪಕಾರ ಇದು. ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು. ರಜೆಗೆ ಊರಿಗೆ ಹೋದಾಗ ಮಂಗಳೂರಿನ ಅಂಗಡಿಯಲ್ಲಿ ಕೊಂಡ ಟಿವಿಗೂ ಠಾಣೆಯಲ್ಲಿ ದೂರು ಕೊಡಬಹುದು. ವಿಳಾಸಕ್ಕೆ ಆಧಾರ್, ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ಲು ಲಗತ್ತಿಸಿ.

ಫೀಸು ಎಷ್ಟು?

ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಫೀಸೇ ಇಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. 50 ಲಕ್ಷದವರೆಗಿನದು ಜಿಲ್ಲಾ ಆಯೋಗಕ್ಕೆ. 50 ಲಕ್ಷದಿಂದ 2 ಕೋಟಿವರೆಗಿನದು ರಾಜ್ಯ ಆಯೋಗಕ್ಕೆ, ಅದು ಮುಂಬಯಿಯಲ್ಲೇ ಸಿಎಸ್‌ಎಂಟಿ ಎದುರಿಗಿದೆ. 2 ಕೋಟಿ ಮೀರಿದ್ದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ.

ಲೆಕ್ಕ ಹಿಡಿಯುವುದು ನೀವು ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. 45,000 ರೂಪಾಯಿಯ ಫ್ರಿಜ್‌ಗೆ 2 ಲಕ್ಷ ಪರಿಹಾರ ಕೇಳಿದರೂ ಫೀಸಿಲ್ಲ. ವಿಮೆಯಲ್ಲೂ ಹಾಗೇ, ಕಟ್ಟಿದ ಪ್ರೀಮಿಯಂ ಮಾತ್ರ ಲೆಕ್ಕ. ಕೋಟಿ ರೂಪಾಯಿಯ ಪಾಲಿಸಿಯ ತಕರಾರೂ ಜಿಲ್ಲಾ ಆಯೋಗಕ್ಕೇ ಬರಬಹುದು. ಈ ಲೆಕ್ಕ ಸರಿ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ.

ವಕೀಲರು ಬೇಕೇ ಬೇಕಾ? ದೂರು ಹೇಗೆ ಬರೆಯೋದು?

ಬೇಕೇ ಬೇಕು ಎಂದಿಲ್ಲ. ನಿಮ್ಮ ಕೇಸು ನೀವೇ ವಾದಿಸಬಹುದು. ಮಿಕ್ಸಿ, ಫೋನು, ಬಸ್ ಟಿಕೆಟ್ಟು, ಕೊರಿಯರ್ ಇಂಥ ವಿಷಯಕ್ಕೆ ವಕೀಲರ ಫೀಸೇ ಮಾಲಿನ ಬೆಲೆ ಮೀರುತ್ತದೆ, ಅಲ್ವಾ? ವೈದ್ಯಕೀಯ ನಿರ್ಲಕ್ಷ್ಯ, ಫ್ಲ್ಯಾಟು, ದೊಡ್ಡ ಮೊತ್ತದ ವಿಮೆ ಇವುಗಳಿಗೆ ವಕೀಲರನ್ನು ಇಟ್ಟುಕೊಳ್ಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಹಾಯವಾಣಿ 15100. 1966ರಿಂದ ಇರುವ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ, 1975ರಲ್ಲಿ ಶುರುವಾದ ಮುಂಬಯಿ ಗ್ರಾಹಕ ಪಂಚಾಯತ್ ಎರಡೂ ಮುಂಬಯಿಯವೇ. ದೂರು ಕೊಡುವವರಿಗೆ ದಾರಿ ಹೇಳಿಕೊಡುತ್ತವೆ.

ದೂರನ್ನು ನಡೆದ ಕ್ರಮದಲ್ಲೇ ಬರೆಯಿರಿ. ಮೊದಲು ನೀವು ಯಾರು, ಎದುರಾಳಿಗಳು ಯಾರು, ಅವರ ಪೂರ್ತಿ ವಿಳಾಸ. ಆಮೇಲೆ ಒಂದೊಂದು ಘಟನೆಗೆ ಒಂದೊಂದು ಸಂಖ್ಯೆ ಹಾಕಿದ ಪ್ಯಾರಾ, ಪ್ರತಿಯೊಂದರಲ್ಲೂ ದಿನಾಂಕ. "ತುಂಬಾ ದಿನ ಅಲೆಸಿದರು" ಎಂದು ಬರೆಯುವ ಬದಲು ಯಾವ ದಿನ ಟೆಕ್ನಿಶಿಯನ್ ಬಂದರು, ಏನು ಹೇಳಿ ಹೋದರು ಎಂದು ಬರೆಯಿರಿ. ಪ್ಯಾರಾದ ಕೊನೆಗೆ ಅದಕ್ಕೆ ಸಂಬಂಧಿಸಿದ ಕಾಗದದ ಸಂಖ್ಯೆ ಹಾಕಿ. ಕೊನೆಯಲ್ಲಿ ಮೂರು ಮಾತು ಮರೆಯಬೇಡಿ: ಈ ಆಯೋಗಕ್ಕೆ ಯಾಕೆ ಬಂದಿರಿ, ಎರಡು ವರ್ಷದೊಳಗೇ ಇದ್ದೀರಿ, ನಿಮಗೆ ಏನೇನು ಬೇಕು. ಕೇಳದೇ ಇದ್ದದ್ದು ಸಿಗುವುದು ಕಷ್ಟ. ಹಣ ವಾಪಸು, ಬಡ್ಡಿ, ಮಾನಸಿಕ ಹಿಂಸೆಗೆ ಪರಿಹಾರ, ಕೇಸಿನ ಖರ್ಚು ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳಿ.

ಜೊತೆಗೆ ನೋಟರಿ ಮಾಡಿಸಿದ ಅಫಿಡವಿಟ್ಟು, ಅಂದರೆ ಬರೆದದ್ದೆಲ್ಲ ನಿಜ ಎಂಬ ಪ್ರಮಾಣಪತ್ರ ಬೇಕು. ಕಾಗದದಲ್ಲಿ ಕೊಡುವುದಾದರೆ ಆಯೋಗಕ್ಕೆ ಮೂರು ಪ್ರತಿ, ಪ್ರತಿಯೊಬ್ಬ ಎದುರಾಳಿಗೆ ಒಂದೊಂದು. ಆನ್‌ಲೈನ್‌ನಲ್ಲಿ ದೂರು ಕೊಡಲು 2020ರಿಂದ ಇ-ದಾಖಿಲ್ ಎಂಬ ಜಾಲತಾಣ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ಮೂಲ ಕಾಗದಗಳನ್ನು ಮನೆಯಲ್ಲಿಟ್ಟುಕೊಂಡು ನಕಲು ಮಾತ್ರ ಕೊಡಿ.

ನನಗೆ ಮರಾಠಿ ಬರೆಯೋಕೆ ಬರಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಏನ್ ಮಾಡ್ಲಿ?

ಇಲ್ಲಿನ ಆಯೋಗಗಳಲ್ಲಿ ಮರಾಠಿ ಅಥವಾ ಇಂಗ್ಲಿಷ್ ನಡೆಯುತ್ತದೆ. ಮೊದಲು ಕನ್ನಡದಲ್ಲೇ ಎಲ್ಲವನ್ನೂ ಬರೆದುಕೊಳ್ಳಿ, ಆಮೇಲೆ ಮನೆಯ ಮಕ್ಕಳಿಂದ ಸರಳ ಇಂಗ್ಲಿಷಿಗೆ ಇಳಿಸಿ. ಇಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿಯೂ ಚೆನ್ನಾಗಿ ಬರುತ್ತದೆ. ಕಾನೂನಿನ ದೊಡ್ಡ ದೊಡ್ಡ ಪದ ಬೇಕಿಲ್ಲ. ಊರಿನ ಅಂಗಡಿಯ ಕನ್ನಡ ಬಿಲ್ಲು ಇದ್ದರೆ ಅನುವಾದವನ್ನು ಜೊತೆಗಿಡಿ.

## ಕೇಸು ನಡೆಯುವಾಗ

ಎಷ್ಟು ತಿಂಗಳಲ್ಲಿ ಮುಗಿಯುತ್ತೆ? ನಿಜ ಹೇಳಿ.

ಕಾನೂನಿನಲ್ಲಿ ಬರೆದದ್ದು: ಎದುರಾಳಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಮಾಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು. ನಿಜದಲ್ಲಿ ಅದಕ್ಕಿಂತ ಬಹಳ ಜಾಸ್ತಿ ಹಿಡಿಯುತ್ತದೆ, ವರ್ಷಗಳೇ ಆಗುವುದುಂಟು. ಸದಸ್ಯರ ಹುದ್ದೆ ಖಾಲಿ ಬಿದ್ದಾಗ ಕೇಸುಗಳು ನಿಂತೇ ಹೋಗುತ್ತವೆ. ಇದು ಸರ್ಕಾರಗಳು ಸರಿಪಡಿಸಲೇಬೇಕಾದ ಅನ್ಯಾಯ. ಆದರೂ ನೋಟಿಸ್ ಬಂದ ಕೂಡಲೇ ರಾಜಿಗೆ ಬರುವ ಕಂಪನಿಗಳಿವೆ. ವಿಡಿಯೊ ಮೂಲಕ ವಿಚಾರಣೆ ಕೇಳುವ ಅವಕಾಶವೂ ಕಾನೂನಿನಲ್ಲಿದೆ. ದಿನಗೂಲಿ ಬಿಟ್ಟು ಬರುವವರು, ವಯಸ್ಸಾದವರು ಅದನ್ನು ಖಂಡಿತ ಕೇಳಿ.

ತಾರೀಖಿಗೆ ತಪ್ಪಿಸಬೇಡಿ. ನೀವು ಬರದಿದ್ದರೆ ದೂರು ವಜಾ ಆಗಬಹುದು, ಮತ್ತೆ ಎಬ್ಬಿಸುವುದು ಕಷ್ಟ.

ಕಂಪನಿಯವರು ಬರಲೇ ಇಲ್ಲ ಅಂದ್ರೆ?

ಅವರಿಲ್ಲದೆಯೇ ಕೇಸು ನಡೆಯುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಒಟ್ಟು 45 ದಿನದ ಮೇಲೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಆ ದಿನಗಳನ್ನು ನೀವೇ ಎಣಿಸಿ, ಮೀರಿದ್ದರೆ ಆಯೋಗದ ಗಮನಕ್ಕೆ ತನ್ನಿ.

ಮಧ್ಯದಲ್ಲಿ ರಾಜಿ ಆಗೋಣ ಅಂದ್ರೆ ಒಪ್ಪಿಕೊಳ್ಳಲಾ?

ಹಣ ಹೆಚ್ಚು ಕಡಿಮೆ ಪೂರ್ತಿ ಬರುವುದಾದರೆ ಒಪ್ಪಿಕೊಳ್ಳಿ ಎಂಬುದು ನನ್ನ ಸಲಹೆ. ಆದರೆ ಹಣ ಖಾತೆಗೆ ಬರುವ ಮುಂಚೆ ದೂರು ವಾಪಸು ತೆಗೆಯಬೇಡಿ. ರಾಜಿಯ ಮಾತನ್ನು ಬರವಣಿಗೆಯಲ್ಲಿ ಆಯೋಗದ ಮುಂದೆ ದಾಖಲು ಮಾಡಿಸಿ. ಇಬ್ಬರೂ ಒಪ್ಪಿದರೆ ಆಯೋಗವೇ ಮಧ್ಯಸ್ಥಿಕೆಗೆ ಕಳಿಸುತ್ತದೆ.

ಮಾನಸಿಕ ಹಿಂಸೆಗೆ 10 ಲಕ್ಷ ಕೇಳಲಾ?

ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ. ಸಣ್ಣ ವಸ್ತುಗಳ ಕೇಸಿನಲ್ಲಿ ಸಾಮಾನ್ಯವಾಗಿ ಹಣ ವಾಪಸು, ಅದಕ್ಕೆ ಬಡ್ಡಿ, ಹಿಂಸೆಗೆ ಮತ್ತು ಖರ್ಚಿಗೆಂದು ಕೆಲವು ಸಾವಿರ ಸಿಗುತ್ತದೆ. ನಷ್ಟ ತೋರಿಸುವ ಕಾಗದ ಇದ್ದಷ್ಟು ಕೇಳಿ. ಫ್ರಿಜ್ ಕೆಟ್ಟು ಇನ್ಸುಲಿನ್ ಹಾಳಾಗಿದ್ದರೆ ಔಷಧಿ ಅಂಗಡಿಯ ಬಿಲ್ಲು ಹಾಕಿ.

## ಬೇರೆ ಬೇರೆ ತರದ ತಕರಾರು

ಮಂಗಳೂರಿಗೆ ಎಸಿ ಸ್ಲೀಪರ್ ಬುಕ್ ಮಾಡಿದ್ದೆ, ಬಂದದ್ದು ಎಸಿ ಇಲ್ಲದ ಬಸ್ಸು. ಇದಕ್ಕೂ ದೂರು ಕೊಡಬಹುದಾ?

ಖಂಡಿತ. ಗಣೇಶ ಚೌತಿಗೆ, ಮೇ ರಜೆಗೆ ಊರಿಗೆ ಹೋಗುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ದುಡ್ಡು ತೆಗೆದುಕೊಂಡು ಹೇಳಿದ ಸೇವೆ ಕೊಡದಿರುವುದು ಸೇವೆಯ ಕೊರತೆಯೇ. ಬಸ್ ಮಾಲೀಕರನ್ನೂ ಟಿಕೆಟ್ ಮಾರಿದ ಆ್ಯಪನ್ನೂ ಎದುರಾಳಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಬಸ್ಸು ಹತ್ತುವಾಗಲೇ ನಂಬರ್ ಪ್ಲೇಟಿನ, ಸೀಟಿನ ಫೋಟೊ ತೆಗೆಯಿರಿ. ಸಹಪ್ರಯಾಣಿಕರ ಫೋನ್ ನಂಬರು ತೆಗೆದುಕೊಳ್ಳಿ.

ರೈಲಿನ ಮೇಲೂ ದೂರು ಕೊಡಬಹುದು. ಕಾರಣ ತೋರಿಸಲಾಗದ ವಿಳಂಬಕ್ಕೆ ರೈಲ್ವೆ ಪರಿಹಾರ ಕೊಡಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಪ್ರಯಾಣಿಕರ ಬಳಿಯಿದ್ದ ಹಣ ಕಳುವಾದರೆ ಅದು ರೈಲ್ವೆ ಸೇವೆಯ ಕೊರತೆಯಲ್ಲ ಎಂದು 2023ರಲ್ಲಿ ಹೇಳಿದೆ. ಚಿನ್ನ ತೆಗೆದುಕೊಂಡು ಊರಿಗೆ ಹೋಗುವವರು ಗಮನಿಸಿ.

ಆರೋಗ್ಯ ವಿಮೆಯವರು "ಸಕ್ಕರೆ ಕಾಯಿಲೆ ಮೊದಲೇ ಇತ್ತು" ಅಂತ ಕ್ಲೇಮ್ ತಿರಸ್ಕರಿಸಿದ್ದಾರೆ. ಆಯೋಗಕ್ಕೆ ಹೋಗಲಾ?

ಹೋಗಬಹುದು, ಆದರೆ ಮೊದಲು ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ ಅವರು. ಅಲ್ಲಿ ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಮುಂಬಯಿಯಲ್ಲೂ ಪುಣೆಯಲ್ಲೂ ಕಚೇರಿ ಇದೆ. ಮೊದಲು ವಿಮಾ ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು. ಅವರು ತಿರಸ್ಕರಿಸಿದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ದೂರು ಹೋಗಬೇಕು. ಅಲ್ಲಿನ ತೀರ್ಪು ಹಿಡಿಸದಿದ್ದರೆ ಗ್ರಾಹಕರ ಆಯೋಗಕ್ಕೆ ಬರಬಹುದು. ಆಯೋಗದಲ್ಲಿ ಕೇಸು ಹಾಕಿದ ಮೇಲೆ ಮಾತ್ರ ಒಂಬುಡ್ಸ್‌ಮನ್ ಆ ದೂರನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕ್ರಮ ತಪ್ಪಿಸಬೇಡಿ.

ಇನ್ನೊಂದು ಮುಖ್ಯ ಮಾತು. 2024ರ ನಿಯಮದ ಪ್ರಕಾರ ಆರೋಗ್ಯ ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ಮೋಸ ಸಾಬೀತಾಗದ ಹೊರತು "ಮೊದಲೇ ಹೇಳಲಿಲ್ಲ" ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ನಿಮ್ಮ ಮೊದಲ ಪಾಲಿಸಿಯ ದಿನಾಂಕ ಹುಡುಕಿ.

ಆಸ್ಪತ್ರೆ ಮೇಲೆ ಕೇಸು ಹಾಕಬಹುದಾ?

ಹಣ ಪಡೆದು ಚಿಕಿತ್ಸೆ ಕೊಡುವ ಆಸ್ಪತ್ರೆ, ವೈದ್ಯರು ಈ ಕಾನೂನಿನೊಳಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಬರುವುದಿಲ್ಲ. ವಕೀಲರ ಸೇವೆ ಕೂಡ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಹೇಳಿದೆ.

ರೋಗಿ ಗುಣವಾಗಲಿಲ್ಲ ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಾಗುವುದಿಲ್ಲ. ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಹೆಚ್ಚು ಕಡಿಮೆ ಬೇಕೇ ಬೇಕಾಗುತ್ತದೆ. ದುಃಖದಲ್ಲಿರುವ ಮನೆಯವರಿಗೆ ಈ ಮಾತು ಹೇಳುವುದು ಕಷ್ಟ, ಆದರೆ ಹೇಳದಿದ್ದರೆ ಇನ್ನೂ ಕಷ್ಟ. ಮೊದಲ ಕೆಲಸ, ಚಿಕಿತ್ಸೆಯ ಕೇಸ್ ಪೇಪರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡುವುದು. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ನಿಯಮವಿದೆ.

ಬಿಲ್ಡರ್ ಫ್ಲ್ಯಾಟ್ ಕೊಡ್ತಿಲ್ಲ. ಮಹಾರೇರಾನಾ, ಗ್ರಾಹಕರ ಆಯೋಗನಾ?

ಎರಡೂ ಬಾಗಿಲು ತೆರೆದಿವೆ. ರೇರಾ ಎಂದರೆ ಬಿಲ್ಡರ್‌ಗಳ ಮೇಲೆ ನಿಗಾ ಇಡುವ ಕಾನೂನು, ಮಹಾರೇರಾ ಎಂದರೆ ಅದರ ಮಹಾರಾಷ್ಟ್ರದ ಪ್ರಾಧಿಕಾರ. ರೇರಾ ಬಂದ ಮಾತ್ರಕ್ಕೆ ಗ್ರಾಹಕರ ಆಯೋಗದ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದೇ ಪರಿಹಾರಕ್ಕೆ ಎರಡೂ ಕಡೆ ಓಡಬೇಡಿ. ಫ್ಲ್ಯಾಟ್ ಕೊಡುವ ತಡಕ್ಕೆ ಬಡ್ಡಿ ಬೇಕಿದ್ದರೆ ಮಹಾರೇರಾ ನೇರ ದಾರಿ. ಗೋಡೆ ಸೋರುವುದು, ಹೇಳಿದ ಸೌಲಭ್ಯ ಕೊಡದಿರುವುದು, ಅದರಿಂದಾದ ತೊಂದರೆಗೆ ಪರಿಹಾರ ಎಲ್ಲ ಸೇರಿದ್ದರೆ ಆಯೋಗ ಮೇಲು ಎಂಬುದು ನನ್ನ ಅನಿಸಿಕೆ. ಬಿಲ್ಡರ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ಕೇಸು ಅಲ್ಲೇ ನಿಲ್ಲುತ್ತದೆ. ಆಗ ತಡಮಾಡದೆ ದಿವಾಳಿ ಪ್ರಕ್ರಿಯೆ ನಡೆಸುವ ಅಧಿಕಾರಿಯ ಬಳಿ ನಿಮ್ಮ ಬಾಕಿ ದಾಖಲಿಸಿ.

ಕರಾರಿನಲ್ಲಿ "ತಕರಾರು ಬಂದರೆ ಆರ್ಬಿಟ್ರೇಶನ್ ಮಾತ್ರ" ಅಂತ ಸಹಿ ಮಾಡಿದ್ದೇನೆ. ಮುಗೀತಾ ಕಥೆ?

ಮುಗಿದಿಲ್ಲ. ಕೋರ್ಟಿನ ಬದಲು ಪಂಚರೇ ತೀರ್ಮಾನಿಸಬೇಕೆಂಬ ಆ ಷರತ್ತು ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಕರಾರೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಎಂದು ಕೇಳುವುದಾದರೆ ಮಾತ್ರ ಜಿಲ್ಲಾ ಆಯೋಗವಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು.

ಗೆದ್ದೆ, ಆದೇಶವೂ ಬಂತು. ಕಂಪನಿ ಹಣ ಕೊಡ್ತಿಲ್ಲ. ಈಗ?

ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ. ಅದನ್ನು ಕಂಪನಿಗೆ ಕಳಿಸಿ, ನಿಮ್ಮ ಬ್ಯಾಂಕ್ ವಿವರ ಕೊಟ್ಟು ಹಣ ಕೇಳಿ. ಆದೇಶದಲ್ಲಿ ಹೇಳಿದ ಗಡುವು ಮುಗಿದರೂ ಬರದಿದ್ದರೆ ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿಮಾಡಿಸಿ ಎಂಬ ಅರ್ಜಿ ಹಾಕಿ. ಎರಡು ದಾರಿಗಳಿವೆ. 71ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯಂತೆ (ಅಂತಿಮ ತೀರ್ಪಿನ ಆದೇಶದಂತೆ) ಆಸ್ತಿ, ಬ್ಯಾಂಕ್ ಖಾತೆ ಜಪ್ತಿ ಮಾಡಿಸಬಹುದು. 72ನೇ ಕಲಂ ಪ್ರಕಾರ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡನೆಯದರ ನೋಟಿಸ್ ನಿರ್ದೇಶಕರ ಹೆಸರಿಗೆ ಹೋದಾಗ ಕಂಪನಿಯ ಕಚೇರಿಯಲ್ಲಿ ಕೆಲಸ ಬೇಗ ಸಾಗುತ್ತದೆ.

ಕಂಪನಿ ಮೇಲ್ಮನವಿ ಹೋಗಬಹುದು. ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಹೋಗಲು 45 ದಿನ ಇದೆ, ಆದೇಶವಾದ ಮೊತ್ತದ ಅರ್ಧ ಹಣವನ್ನು ಮೊದಲು ಠೇವಣಿ ಇಡಬೇಕು. ನೀವು ಸೋತಿದ್ದರೆ ನಿಮಗೂ ಅದೇ 45 ದಿನ, ಠೇವಣಿ ಬೇಕಿಲ್ಲ. ಮೇಲ್ಮನವಿಯ ನೋಟಿಸ್ ಬಂದರೆ ಅದರಲ್ಲಿ ತಡೆಯಾಜ್ಞೆ ಇದೆಯೇ ಎಂದು ಮೊದಲು ನೋಡಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಇಲ್ಲದಿದ್ದರೆ ಅಮಲ್ಜಾರಿ ಅರ್ಜಿ ಮುಂದುವರಿಸಿ.